8 ಇಂಚಿನ ಕುಂಡದಲ್ಲಿ 20 ಟೊಮೆಟೊ ಸಸಿ

ಒಂದೇ ಕುಂಡದಲ್ಲಿರುವ 20 ಟೊಮೆಟೊ ಸಸಿಗಳು ನೀಳವಾಗಿ ಬೆಳೆದು ವಾಲುತ್ತಿವೆ, ಗೊಬ್ಬರ ಸಾಲದೇ ಎಂದು ಕೇಳಿದ್ದೀರಿ. ಕಾರಣ ಬಹುಶಃ ಗೊಬ್ಬರದ ಕೊರತೆಯಲ್ಲ, ಇಕ್ಕಟ್ಟು. ಮುಂಬೈ ಬಳಿಯ ಡೊಂಬಿವಲಿಯ ನಿಮ್ಮ ಬಾಲ್ಕನಿಗೆ ಬೀಳುವ ಅರ್ಧ ದಿನದ ಬಿಸಿಲಿಗೆ ಇಪ್ಪತ್ತೂ ಪೈಪೋಟಿ ನಡೆಸುತ್ತಿವೆ. ಮೊದಲ ಜೋಡಿ ಎಲೆಯ ಮೇಲೆ, ಅಂಚು ಕಚ್ಚುಕಚ್ಚಾದ ನಿಜವಾದ ಎಲೆ ಮೂಡಿದೆಯೇ ನೋಡಿ. ಮೂಡಿದ್ದರೆ ಬಡಕಲು ಸಸಿಗಳನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಪಕ್ಕದ ಸಸಿಯ ಬೇರೂ ಕಿತ್ತು ಬರುತ್ತದೆ. ಮನಸ್ಸು ಒಪ್ಪುವುದಿಲ್ಲ, ನನಗೂ ಪ್ರತಿ ಸಲ ಸಂಕಟವಾಗುತ್ತದೆ, ಆದರೂ ಕತ್ತರಿಸಿ. 2 ಇಂಚು ಅಂತರದಲ್ಲಿ ನಾಲ್ಕೈದನ್ನು ಮಾತ್ರ ಉಳಿಸಿ. ಅವು ಗೇಣುದ್ದವಾದಾಗ ಒಂದೊಂದನ್ನೂ 12 ಇಂಚಿನ ಕುಂಡದಲ್ಲಿ, ಅರ್ಧ ಕಾಂಡ ಹೂತುಹೋಗುವಂತೆ ನೆಡಿ. ಹೂತ ಕಾಂಡವೂ ಬೇರು ಬಿಡುತ್ತದೆ. ಬುಡ ಕಪ್ಪಾಗಿ ನೂಲಿನಂತೆ ಸಣಕಲಾಗಿದ್ದರೆ ಅದು ಕೊಳೆರೋಗವಿರಬಹುದು. ಆ ಸಸಿಗಳನ್ನು ತೆಗೆದು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ.