ಸೀರೆ ಅಂಗಡಿಗೆ ವರ್ಡ್‌ಪ್ರೆಸ್ ಬೇಕೆ?

ಪ್ರಶ್ನೆ: ಚಿಕ್ಕಪೇಟೆಯ ಸೀರೆ ಅಂಗಡಿಯೊಂದಕ್ಕೆ ಕನ್ನಡದಲ್ಲಿ 5 ಪುಟಗಳ ವೆಬ್‌ಸೈಟ್ ಮಾಡಿಕೊಡಲು ಒಪ್ಪಿದ್ದೇನೆ. ವರ್ಡ್‌ಪ್ರೆಸ್ಸೋ (ಕೋಡ್ ಬರೆಯದೆ ಪುಟ ಬದಲಿಸಬಹುದಾದ ಸಾಫ್ಟ್‌ವೇರ್), ಬರೀ ಎಚ್‌ಟಿಎಂಎಲ್ಲೋ (ಕೋಡ್ ಬರೆದು ಮಾಡುವ ಸರಳ ಪುಟಗಳು)?

ಉತ್ತರ: ಫೋಟೊ, ಬೆಲೆಗಳನ್ನು ಅಂಗಡಿಯವರೇ ವಾರವಾರ ಬದಲಿಸುತ್ತಾರಾ ಎಂದು ಮೊದಲು ಕೇಳಿ. ಹೌದಾದರೆ ವರ್ಡ್‌ಪ್ರೆಸ್. ಆದರೆ ಅಪ್‌ಡೇಟ್ ಮಾಡದೆ ಬಿಟ್ಟ ಪ್ಲಗಿನ್‌ಗಳ (ವರ್ಡ್‌ಪ್ರೆಸ್ಸಿಗೆ ಸೇರಿಸುವ ಹೆಚ್ಚುವರಿ ತುಣುಕುಗಳ) ಮೂಲಕ ಸೈಟ್ ಹ್ಯಾಕ್ ಆಗುವುದುಂಟು. ನಿರ್ವಹಣೆಯ ಹಣವನ್ನು ಕೊಟೇಶನ್‌ನಲ್ಲೇ ಸೇರಿಸಿ. ಅಂಗಡಿಯವರು ಹಾಗೆ ಬದಲಿಸುವುದಿಲ್ಲವಾದರೆ ಎಚ್‌ಟಿಎಂಎಲ್ ಸಾಕು, ಡೇಟಾಬೇಸಿನ ತಲೆನೋವಿಲ್ಲ.

ಕನ್ನಡ ಅಕ್ಷರದ ವಿಷಯದಲ್ಲಿ ಮಾತ್ರ ದಯವಿಟ್ಟು ಉದಾಸೀನ ಬೇಡ. ಇಂಗ್ಲಿಷಿಗೆಂದು ಮಾಡಿದ ಥೀಮಿನ (ಸಿದ್ಧ ವಿನ್ಯಾಸದ) ಶೀರ್ಷಿಕೆಯಲ್ಲಿ ಲೈನ್-ಹೈಟ್ (ಸಾಲಿನ ಎತ್ತರ) 1.2 ಇದ್ದರೆ, ‘ವಸ್ತ್ರ’ದ ಒತ್ತಕ್ಷರಗಳು ಕೆಳಸಾಲಿನ ಗುಣಿತಕ್ಕೆ ತಾಗುತ್ತವೆ. 1.6 ಅಥವಾ 1.7 ಇಡಿ, ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವೆ ಸೇರಿಸುವ ಅಂತರ) ಸೊನ್ನೆ ಇರಲಿ. ಸೀರೆಯ ಫೋಟೊಗಳನ್ನು ಮೊಬೈಲಿನಿಂದ ನೇರವಾಗಿ ಏರಿಸಬೇಡಿ, 1200 ಪಿಕ್ಸೆಲ್ ಅಗಲಕ್ಕಿಳಿಸಿ ವೆಬ್‌ಪಿ (ಕಡಿಮೆ ಗಾತ್ರದ ಚಿತ್ರ-ಕಡತ) ಮಾಡಿ. ಡೊಮೈನ್ (ವೆಬ್‌ಸೈಟಿನ ವಿಳಾಸ) ಮಾತ್ರ ಅಂಗಡಿಯವರ ಹೆಸರಲ್ಲೇ, ಅವರದೇ ಇಮೇಲಿನಲ್ಲಿ ನೋಂದಣಿಯಾಗಲಿ.