ಮಾತ್ರೆಗೆ ಮೊದಲು ಕುರ್ಚಿಯಿಂದ ಎದ್ದು ನೋಡಿ

ಪ್ರಶ್ನೆ: ನನಗೆ 61 ವರ್ಷ. ಮೂಡಿಗೆರೆ ಸಮೀಪ ಕಾಫಿ ತೋಟವಿದೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಂಗಳೂರಿನಲ್ಲಿರುವ ಮಗ ‘ಎನ್‌ಎಂಎನ್’ ಎಂಬ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದಾನೆ. ಅದರಿಂದ ಜೀವಕೋಶಗಳ ವಯಸ್ಸು ಇಳಿಯುತ್ತದಂತೆ. ಈಚೆಗೆ ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತದೆ. ಮಾತ್ರೆ ಶುರು ಮಾಡಲೇ?
– ಓದುಗರು, ಮೂಡಿಗೆರೆ

ಉತ್ತರ: ಮಗನ ಕಾಳಜಿ ದೊಡ್ಡದು, ಡಬ್ಬಿಯ ಮೇಲಿನ ಮಾತು ಅದಕ್ಕಿಂತ ದೊಡ್ಡದು. ಕೋಶಗಳು ಶಕ್ತಿ ತಯಾರಿಸಲು ಬಳಸುವ ಎನ್‌ಎಡಿ ಎಂಬ ವಸ್ತು ವಯಸ್ಸಾದಂತೆ ಕಡಿಮೆಯಾಗುತ್ತದೆ. ಈ ಮಾತ್ರೆ ರಕ್ತದಲ್ಲಿ ಅದನ್ನು ಏರಿಸುವುದೂ ನಿಜ. ಆದರೆ ಅದನ್ನು ನುಂಗಿ ಮನುಷ್ಯರ ಆಯುಸ್ಸು ಹೆಚ್ಚಿತೆಂದು ಯಾವ ಪ್ರಯೋಗವೂ ತೋರಿಸಿಲ್ಲ.

ಮುಪ್ಪು ಒಂದೇ ವಸ್ತುವಿನ ಕೊರತೆಯಿಂದ ಬರುವುದಿಲ್ಲ. ಬಿಳಿ ಕಾಂಡಕೊರಕ ಹುಳು ಹಿಡಿದ ಅರೇಬಿಕಾ ಕಾಫಿ ಗಿಡವನ್ನು ನೀವು ಕಿತ್ತು ಸುಡುತ್ತೀರಿ, ಬಿಟ್ಟರೆ ಪಕ್ಕದ ಗಿಡಕ್ಕೂ ಹಬ್ಬುತ್ತದೆಂದು. ದೇಹದಲ್ಲೂ ವಿಭಜನೆ ನಿಲ್ಲಿಸಿ, ಸಾಯದೆ ಉಳಿದ ಮುದಿ ಕೋಶಗಳಿರುತ್ತವೆ. ಅವು ಉರಿಯೂತ ತರುವ ವಸ್ತುಗಳನ್ನು ಸುರಿಸುತ್ತಾ ನೆರೆಯ ಕೋಶಗಳನ್ನೂ ಕೆಡಿಸುತ್ತವೆ. ಹರೆಯದಲ್ಲಿ ರೋಗನಿರೋಧಕ ವ್ಯವಸ್ಥೆ ಇವನ್ನು ಹುಡುಕಿ ತೆಗೆಯುತ್ತದೆ. ಮುಂದೆ ಆ ಕೆಲಸಕ್ಕೆ ಆಳು ಸಾಲುವುದಿಲ್ಲ. (ಆಳಿನ ಕಷ್ಟ ನಿಮಗೆ ಬಿಡಿಸಿ ಹೇಳಬೇಕೇ?) 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಂಥ ಕೋಶಗಳನ್ನು ತೆಗೆದ ಇಲಿಗಳು ಹೆಚ್ಚು ಕಾಲ ಆರೋಗ್ಯವಾಗಿ ಬದುಕಿದವು. ಮನುಷ್ಯರಲ್ಲಿ ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ.

ನನಗೆ ಡಬ್ಬಿಗಿಂತ ನಿಮ್ಮ ತೊಡೆಯದೇ ಚಿಂತೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಬಿಡದೆ ಐದು ಬಾರಿ ಎದ್ದು ಕುಳಿತುಕೊಳ್ಳಿ. ಪಕ್ಕದಲ್ಲಿ ಯಾರಾದರೂ ಇರಲಿ. 15 ಸೆಕೆಂಡ್ ಮೀರಿದರೆ ಸ್ನಾಯುಬಲ ಕುಂದಿದೆಯೆಂದು ಅನುಮಾನಿಸಬೇಕು. ‘ದಿನಾ ತೋಟ ಸುತ್ತುತ್ತೇನಲ್ಲ’ ಎನ್ನುತ್ತೀರೇನೋ, ಜೀಪಿನಲ್ಲಿ ಸುತ್ತಿದ್ದು ಲೆಕ್ಕಕ್ಕಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಸ್ನಾಯುವಿಗೆ ಭಾರವೂ ಬೇಕು. ಕುರ್ಚಿಯಿಂದ ಏಳುವುದನ್ನೇ ವಾರಕ್ಕೆ ಎರಡು ಮೂರು ದಿನ ವ್ಯಾಯಾಮವಾಗಿ ಮಾಡಬಹುದು. ಈ ವಯಸ್ಸಿನಲ್ಲಿ ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನ್ ಬೇಕು, ಮೂತ್ರಪಿಂಡದ ತೊಂದರೆ ಇರಬಾರದು ಅಷ್ಟೆ. ಅಕ್ಕಿ ರೊಟ್ಟಿ, ಚಟ್ನಿಯಲ್ಲಿ ಅದು ಹುಟ್ಟುವುದಿಲ್ಲ. ಜೊತೆಗೆ ಮೊಟ್ಟೆಯೋ ಹುರುಳಿಕಾಳಿನ ಉಸಲಿಯೋ ಇರಲಿ.

ಇಷ್ಟೆಲ್ಲಕ್ಕೂ ಮುಂಚೆ ವೈದ್ಯರನ್ನು ಕಾಣಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದಲ್ಲಿ ಪೊಟ್ಯಾಸಿಯಂ ಹೊರಹಾಕಿ ಸ್ನಾಯುಗಳನ್ನು ಸೋಲಿಸುತ್ತವೆ. ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ಕುರ್ಚಿ ಪರೀಕ್ಷೆ ಬೇಡವೇ ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ಹಳೆಯ ಚೀಟಿಯ ಜೊತೆ ಮಗ ತಂದ ಡಬ್ಬಿಯನ್ನೂ ಒಯ್ಯಿರಿ.