ಮುಂಬಯಿಯ ಕನ್ನಡ ಹೈಸ್ಕೂಲಿನಲ್ಲಿ ಮಳೆಗಾಲದ 35 ನಿಮಿಷದ ಡ್ರಾಯಿಂಗ್ ಪಿರಿಯಡ್: ಜಲವರ್ಣ ಕಲಿಸೋದು ಹೇಗೆ?

ಜುಲೈಯಲ್ಲಿ ಒಂದೇ ಪಿರಿಯಡ್‌ಗೆ ಚಿತ್ರ, ಬಣ್ಣ ಎರಡನ್ನೂ ಮುಗಿಸೋಕೆ ಹೋಗಬೇಡಿ. ಹವೆಯಲ್ಲೇ ತೇವ ಇರುವಾಗ ಮೊದಲ ಪದರ ಬೇಗ ಒಣಗೋದಿಲ್ಲ. ಹಸಿ ಹಳದಿಗೆ ನೇರಳೆ ತಾಗಿದರೆ ಕೆಸರು ಬಣ್ಣ. ಮಕ್ಕಳು ತಿದ್ದಲು ಮತ್ತೆ ಮತ್ತೆ ಬ್ರಷ್ ಉಜ್ಜುತ್ತಾರೆ, ಡ್ರಾಯಿಂಗ್ ಬುಕ್ಕಿನ ತೆಳು ಹಾಳೆಯ ಮೇಲ್ಪದರ ಕಿತ್ತು ಬರುತ್ತದೆ. ಹಾಗಾಗಿ ಒಂದು ವಾರ ಪೆನ್ಸಿಲ್ ಮತ್ತು ತಿಳಿ ಪದರ, ಮುಂದಿನ ವಾರ ನೆರಳು.

ಇಬ್ಬರಿಗೆ ಎರಡು ಡಬ್ಬಿ ನೀರು: ಒಂದು ಬ್ರಷ್ ತೊಳೆಯೋಕೆ, ಇನ್ನೊಂದು ಬಣ್ಣ ಕಲಸೋಕೆ. ಒರೆಸಲು ಹಳೆ ಬಟ್ಟೆ ಇಲ್ಲದಿದ್ದರೆ ಇದೆಲ್ಲ ದಂಡ. ಕೊನೆಯ 5 ನಿಮಿಷ ಸ್ವಚ್ಛತೆಗೆ ಬಿಡಿ, ಇಲ್ಲವಾದರೆ ಮುಂದಿನ ಪಿರಿಯಡ್‌ನ ಗಣಿತದ ಮೇಷ್ಟ್ರು ಸುಮ್ಮನಿರೋದಿಲ್ಲ. ಮಹಾರಾಷ್ಟ್ರ ಸರ್ಕಾರದ ಎಲಿಮೆಂಟರಿ, ಇಂಟರ್ಮೀಡಿಯೇಟ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವವರಿಗೆ ಮಾತ್ರ ದಪ್ಪ ಕಾರ್ಟ್ರಿಜ್ ಹಾಳೆ ಕೊಡಿ. ಎಲ್ಲರಿಗೂ ತರಿಸೋದು ದುಬಾರಿ.